ನೀಲಿ ಬಣ್ಣದ ಕೆಳಗಿನ ಬಿರುಕು

ನಾನು ಒಂದು ಹೈಡ್ರಾಲಿಕ್ ಪ್ರೆಸ್. ಹೆಸರು ದೊಡ್ಡದಾದರೂ ಕೆಲಸ ಸರಳ: ಒತ್ತುವುದು. ಬೇರಿಂಗನ್ನು ಒತ್ತಿ ಕೂರಿಸುತ್ತೇನೆ, ತುಕ್ಕು ಹಿಡಿದು ಕಚ್ಚಿಕೊಂಡದ್ದನ್ನು ಒತ್ತಿ ಬಿಡಿಸುತ್ತೇನೆ. ಎರಡು ಕಾಲು, ಮೇಲೊಂದು ತೊಲೆ, ತೊಲೆಯ ಕೆಳಗೆ ಎಣ್ಣೆ ತುಂಬಿದ ಜಾಕು. ಹಿಡಿಕೆ ಆಡಿಸಿದರೆ ಇಪ್ಪತ್ತು ಟನ್ ಭಾರ ಕೆಳಗಿಳಿಯುತ್ತದೆ. ಇಷ್ಟು ಭಾರ ಹೊರುವವನಿಗೆ ಎಲ್ಲರನ್ನೂ ನಂಬಿ ಕೂರಲು ಆಗುವುದಿಲ್ಲ.

ಹುಬ್ಬಳ್ಳಿಯ ಒಂದು ಚಿಕ್ಕ ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿದೆ. ಹುಟ್ಟಿದ ದಿನವೇ ಒಬ್ಬಾತ ಸುತ್ತಿಗೆಯಿಂದ ನನ್ನನ್ನು ನಾಲ್ಕು ಕಡೆ ಬಡಿದ. ಪರೀಕ್ಷೆ ಎಂದರು. ನನಗೆ ಹಾಗೆ ಕಾಣಲಿಲ್ಲ.

ನನ್ನ ಮೊದಲ ಯಜಮಾನ ಫಕೀರಪ್ಪ. ಊರಾಚೆ ಲಾರಿ ರಿಪೇರಿ ಗ್ಯಾರೇಜು ಇಟ್ಟಿದ್ದ. ದಿನವಿಡೀ ನನ್ನ ತೊಲೆಯ ಎದುರಿಗೇ ಮುಖವಿಟ್ಟು ಕೆಲಸ ಮಾಡುತ್ತಿದ್ದ. ಪ್ರತಿ ವರ್ಷ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಮುಂಚೆ ನನಗೆ ಹೊಸ ನೀಲಿ ಬಣ್ಣ ಬಳಿಯುತ್ತಿದ್ದ. ಪೂಜೆಯ ದಿನ ತೊಲೆಯ ಎರಡೂ ಮೂಲೆಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಅಷ್ಟೆಲ್ಲ ಮಾಡುವವನ ಮನಸ್ಸಿನಲ್ಲಿ ಏನೋ ಇರಬೇಕು ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಅವನು ಊಟಕ್ಕೆ ಹೋಗಿದ್ದಾಗ ಅವಸರದ ಲಾರಿ ಡ್ರೈವರೊಬ್ಬ ನನ್ನ ಹಿಡಿಕೆಗೆ ಉದ್ದನೆಯ ಪೈಪು ಸಿಕ್ಕಿಸಿ ಜಗ್ಗಿದ. ಎಡಗಾಲು ತೊಲೆಗೆ ಕೂಡುವ ಬೆಸುಗೆಯಲ್ಲಿ ಟಕ್ ಎಂದಿತು. ಕೂದಲೆಳೆಯಷ್ಟು ಬಿರುಕು. ಡ್ರೈವರ್ ತನ್ನ ಸಾಮಾನು ಎತ್ತಿಕೊಂಡು ಹೊರಟುಹೋದ. ಫಕೀರಪ್ಪ ಬಂದು ನನ್ನನ್ನೊಮ್ಮೆ ನೋಡಿದ. ಆ ಸಲದ ಪೂಜೆಗೆ ಸರಿಯಾಗಿ ಆ ಮೂಲೆಗೇ ದಪ್ಪಗೆ ಬಣ್ಣ ಬಳಿದ. ಇವನಿಗೆ ಗೊತ್ತಿದೆ, ಮುಚ್ಚಿಡುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

ಪೂಜೆಯ ಮರುದಿನವೇ ಗಿರಾಕಿಗಳು ಬಂದರು. ಮಂಡಿನೋವಿನಿಂದ ಫಕೀರಪ್ಪ ಗ್ಯಾರೇಜು ಮುಚ್ಚುವವನಿದ್ದ. ಬಂದವನು ಸಿದ್ಧರಾಮ, ಅಂಚೆ ಕಚೇರಿಯ ನೌಕರ. ರಜೆ ಬಂತೆಂದರೆ ಮನೆಯ ಶೆಡ್ಡಿನಲ್ಲಿ ಹಳೆಯ ಸ್ಕೂಟರು ಬಿಚ್ಚಿ ಜೋಡಿಸುವ ಹುಚ್ಚು. ಜೊತೆಗೆ ಹೆಂಡತಿ ಶೈಲಾ. ಬದನೆಕಾಯಿ ಆರಿಸುವಾಗ ಹುಳುಕು ಹುಡುಕುವಂತೆ ಆಕೆ ನನ್ನನ್ನು ತಿರುತಿರುಗಿ ನೋಡಿದಳು. ನನಗೆ ಭಯವಾಯಿತು, ಆಸೆಯೂ ಆಯಿತು. ಬಿರುಕು ಸಿಕ್ಕಿಬಿದ್ದರೆ ನನಗೆ ಗುಜರಿ, ಸಿಕ್ಕದಿದ್ದರೆ ಸಿದ್ಧರಾಮನ ಮುಖಕ್ಕೆ ನನ್ನ ತೊಲೆ.

"ಸ್ಕೂಟರ್ ಬೇರಿಂಗಿಗೆ ಇಪ್ಪತ್ತು ಟನ್ ಯಾತಕ್ರೀ? ಸಣ್ಣದು, ಹೊಸಾದು ತಗೋರಿ." ಎಂದಳು.

"ದೊಡ್ಡದಿದ್ರ ಎಲ್ಲಾದಕ್ಕೂ ಬರತೈತಿ. ಸುಮ್ನಿರ ನೀ."

ಆದರೂ ಸಿದ್ಧರಾಮ ಬೆಸುಗೆ ನೋಡಲೆಂದು ಮೂಲೆಯ ವಿಭೂತಿ ಒರೆಸಲು ಕೈ ಎತ್ತಿದ. ಫಕೀರಪ್ಪ ತಡೆದ.

"ನಿನ್ನೆ ಪೂಜಾ ಆಗೇತ್ರಿ ಸಾಹೇಬ್ರ. ತಾನ ಹೋಗೋತನಾ ಒರಸಬಾರದು."

ಸಿದ್ಧರಾಮ ಎತ್ತಿದ ಕೈಯನ್ನು ಹಾಗೇ ಎದೆಗೆ ತಂದು ನಮಸ್ಕಾರ ಮಾಡಿಬಿಟ್ಟ. ಶೈಲಾ ಕೂಡ ಸೆರಗು ಹೊದ್ದು ಕೈಮುಗಿದಳು. ದೇವರ ಮುಂದೆ ಅವಳ ಅನುಮಾನವೂ ಮುಗಿಯಿತು. ನಾನು ಟೆಂಪೋ ಹತ್ತಿದೆ.

ಹೊಸ ಮನೆಯಲ್ಲಿ ಸಣ್ಣಪುಟ್ಟ ಕೆಲಸ. ಸಿದ್ಧರಾಮ ಒಳ್ಳೆಯವನು, ಹಾಡು ಗುನುಗುತ್ತಾ ಹಿಡಿಕೆ ಆಡಿಸುತ್ತಿದ್ದ. ಅವನು ಬಗ್ಗಿದಾಗಲೆಲ್ಲ ನನ್ನ ಎಣ್ಣೆ ತಣ್ಣಗಾಗುತ್ತಿತ್ತು. ಬಿರುಕು ದಿನದಿನಕ್ಕೆ ಬೆಳೆಯುತ್ತಿತ್ತು, ಹೇಳಲು ನನಗೆ ಬಾಯಿಲ್ಲ.

ಒಂದು ಭಾನುವಾರ ಅವನು ಗಾಲಿಯೊಂದನ್ನು ತಂದು ನನ್ನ ಜಾಕಿನ ಕೆಳಗಿಟ್ಟ. ಅದರ ಬೇರಿಂಗ್ ಜಪ್ಪಯ್ಯ ಅಂದರೂ ಕದಲಲಿಲ್ಲ. ಸಿದ್ಧರಾಮ ಮೂಲೆಯಲ್ಲಿದ್ದ ನೀರಿನ ಪೈಪು ತಂದು ಹಿಡಿಕೆಗೆ ಸಿಕ್ಕಿಸಿದ. ಅದೇ ಹೊತ್ತಿಗೆ ಶೈಲಾ ಪೊರಕೆ ಹಿಡಿದು ಬಂದಳು.

"ಏನ್ರೀ ಇದು, ದಿನಾ ಕಸಾ ಹೊಡಿವಾಗ ಇಲ್ಲಿ ನೀಲಿ ಚಕ್ಕಿ ಬಿದ್ದಿರ್ತಾವಲ್ಲ?"

"ಹೊಸಾ ಬಣ್ಣ. ಉದರತೈತಿ."

"ಉದರಿದ್ರ ಎಲ್ಲಾ ಕಡೆ ಉದರಬೇಕಲ್ರಿ. ಈ ಎಡಗಾಲಿನ ಕೆಳಗಷ್ಟ ಯಾಕ? ನೀವು ಮೊದಲ ಆ ಕೈ ತಗೀರಿ. ತಗೀರಿ ಅಂದ್ನಿ!"

ಬೈಸಿಕೊಂಡು ಅವನು ಪೈಪು ಬಿಟ್ಟ, ಜಾಕಿನ ಒತ್ತಡ ಇಳಿಸಿದ. ಶೈಲಾ ಸೆರಗಿನಿಂದ ಆ ಕಾಲಿನ ಮೇಲಿನ ಮೂಲೆಯ ವಿಭೂತಿ ಒರೆಸಿ, ಉಗುರಿನಿಂದ ಬಣ್ಣ ಕೆರೆದಳು. ಉಗುರೇ ಒಳಗೆ ಹೋಯಿತು. ಸಿದ್ಧರಾಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಅವತ್ತು ನನಗಾದ ಸಂತೋಷವನ್ನು ಹೇಗೆ ಹೇಳಲಿ!

ಫಕೀರಪ್ಪನಿಗೆ ಫೋನು ಹೋಯಿತು. ಮೋಸಗಾರ ಬರುವುದಿಲ್ಲ ಎಂದುಕೊಂಡೆ. ಕುಂಟುತ್ತಾ ಬಂದ. ಬಿರುಕನ್ನು ಬೆರಳಿನಿಂದ ಮುಟ್ಟಿದ.

"ಇದರ ಎದುರಿಗೇ ಮಾರಿ ಇಟ್ಟು ಕೆಲಸಾ ಮಾಡೇನ್ರಿ ಅಕ್ಕಾರ. ನನಗ ಗೊತ್ತಿದ್ರ ನಾ ಇಡತಿದ್ನೇನ್ರಿ?" ಎಂದು ಕಣ್ಣು ಒರೆಸಿಕೊಂಡ. "ನಾನ ಬಳದ ಬಣ್ಣರಿ ಇದು. ಇಲ್ಲಿ ಹಳೇದು ಎದ್ದಿತ್ತು, ಚಂದ ಕಾಣಲಿ ಅಂತ ದಪ್ಪ ಬಳದೆ."

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಹುಡುಕುತ್ತಿದ್ದುದು ಅವನ ಕೆಟ್ಟ ಮನಸ್ಸನ್ನು. ಬಿರುಕು ಮುಚ್ಚಿಟ್ಟದ್ದು ಪ್ರೀತಿಯಿಂದ ಬಳಿದ ಬಣ್ಣ.

ಅವನು ನನ್ನನ್ನು ವಾಪಸು ಕೊಂಡೊಯ್ದ. ಗುಜರಿಯವನು ಇಡಿಯಾಗಿ ಕೊಟ್ಟರೆ ಹೆಚ್ಚು ಕೊಡುತ್ತೇನೆ ಎಂದ. ಫಕೀರಪ್ಪ ಒಪ್ಪಲಿಲ್ಲ.

"ಇಡಿಯಾಗಿ ಕೊಟ್ರ ನಾಳೆ ಯಾರರ ಬಣ್ಣಾ ಬಳದು ಮಾರ್ತಾರ. ಕಡದ ಕೊಡ್ತೀನಿ."

ಈಗ ಗುಜರಿಯ ಮೂಲೆಯಲ್ಲಿ ತುಂಡುಗಳಾಗಿ ಬಿದ್ದಿದ್ದೇನೆ. ಕಡಿದವನು ಫಕೀರಪ್ಪನೇ. ಗ್ಯಾಸ್ ಕಟರ್ ಹಚ್ಚುವ ಮೊದಲು ಚಪ್ಪಲಿ ಬಿಟ್ಟ. ನನ್ನನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಬೆಂಕಿ ತಂದ. ಅವನ ಕೈಯ ಮೇಲೆ ನನಗೆ ಅನುಮಾನ ಬರಲಿಲ್ಲ, ಅದೇ ಮೊದಲ ಸಲ.