ಎಡಕ್ಕೆ ಬಿದ್ದ ನೆರಿಗೆ

ಹೊಲಿಗೆ ಬರುತ್ತದೆ ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು. "ಇದನ್ನ ಮುಗಿಸಿಕೊಡ್ತೀರಾ, ಚಿಕ್ಕಮ್ಮ?" ಎಂದು ಗಂಡನ ಮಗಳು ಅರ್ಧ ಹೊಲಿದ ಫ್ರಿಲ್ಲಿನ ಕೈಚೀಲವೊಂದನ್ನು ಚಿಕ್ಕಮ್ಮನ ಮಡಿಲಿಗೆ ಹಾಕಿದ್ದಳು. ಹುಡುಗಿಯ ತೀರಿಹೋದ ಅಮ್ಮ ಕೈಯಾರೆ ಹೊಲಿಯುತ್ತಿದ್ದದ್ದು. ಮುಂಭಾಗದಲ್ಲಿ ಸಾಲುಸಾಲು ನೆರಿಗೆ, ಗಂಜಿ ಬಿಡದ ಬಟ್ಟೆ ಗರಿಗರಿಯಾಗಿ ನಿಂತಿತ್ತು. ಹಿಂಭಾಗ ಬೋಳು. ಹುಡುಗಿ ಸಂಜೆ ಹಾಸ್ಟೆಲಿಗೆ ಹೊರಡುವವಳು. ತಾನು ಮದುವೆಯಾಗಿ ಈ ಮನೆಗೆ ಬಂದ ಮೇಲೆ ಹುಡುಗಿ ಬಾಯಿಬಿಟ್ಟು ಕೇಳಿದ ಮೊದಲ ಕೆಲಸ ಇದು. ಇದೊಂದು ನೆಟ್ಟಗಾದರೆ ಹುಡುಗಿ ತನ್ನನ್ನು ಹಚ್ಚಿಕೊಂಡಾಳು ಎಂಬ ಆಸೆ ಚಿಕ್ಕಮ್ಮನಿಗೆ.

ಆಸೆಯೇನೋ ಸರಿ, ನೆರಿಗೆ ಮಾತು ಕೇಳಬೇಕಲ್ಲ! ಇವಳು ಹಿಡಿದದ್ದೆಲ್ಲ ಬಲಕ್ಕೆ ಮಲಗುತ್ತಿತ್ತು. ಆ ಪುಣ್ಯಾತ್ಗಿತ್ತಿಯದು ಎಡಕ್ಕೆ. ಬಿಚ್ಚಿದಳು, ಹೊಲಿದಳು. ಮತ್ತೆ ಬಲಕ್ಕೇ. ಬಟ್ಟೆಯ ಒಳಮೈ ಹೊರಮೈ ಅದಲುಬದಲಾಯಿತೇ? ತಲೆಕೆಳಗಾಗಿ ಹಿಡಿದೆನೇ? ಬಿಚ್ಚಿ ಬಿಚ್ಚಿ ತಲೆ ಕೆಟ್ಟು ಕೆರ ಹಿಡಿಯಿತು. "ಹಾಳು ಬಟ್ಟೆ!" ಎಂದು ಗೊಣಗಿದಳು.

"ಕುಣಿಲಾರದವಳು ನೆಲ ಡೊಂಕು ಅಂದ್ಳಂತೆ," ಅತ್ತೆ ಕಿಟಕಿಯ ಬಳಿಯಿಂದ ನಕ್ಕರು. "ಹುಡುಗಿಯ ಅಮ್ಮ ಎಡಚಿ ಕಣೇ. ಸೂಜಿನೂ ಎಡಗೈಯಲ್ಲೇ."

"ಈಗ ಹೇಳ್ತಿದ್ದೀರಲ್ಲ, ಅತ್ತೆ!"

"ನೀನು ಯಾವತ್ತು ಅವಳ ವಿಷಯ ಕೇಳಿದ್ದೆ?"

ಅದೂ ನಿಜವೇ. ಎದುರು ತುದಿಯಿಂದ ನೆರಿಗೆ ಹಿಡಿದು ಬಂದರೆ ಎಡಕ್ಕೆ ಬಿದ್ದೀತು ಎಂದು ಹೊಳೆದು, ಬಿಚ್ಚಲು ಕತ್ತರಿ ಎತ್ತಿಕೊಂಡಳು. ಅಷ್ಟರಲ್ಲಿ ಹುಡುಗಿ ಒಳಗೆ ಬಂದಳು.

"ಬಿಚ್ಚಬೇಡಿ, ಚಿಕ್ಕಮ್ಮ."

"ಎರಡೂ ಕಡೆ ಒಂದೇ ಥರ ಬೇಡ್ವೇನೇ?"

"ಬೇಡ. ಅಮ್ಮಂದು ಯಾವುದು, ನಿಮ್ದು ಯಾವುದು ಅಂತ ಗೊತ್ತಾಗ್ಲಿ."

ಗೊತ್ತಾಗಲಿ ಎಂದರೇನರ್ಥ? ನನ್ನದೂ ಇರಲಿ ಎಂದೋ, ದೂರವೇ ಇರಲಿ ಎಂದೋ? ಕೇಳಲಾರದೆ ಕತ್ತರಿ ಕೆಳಗಿಟ್ಟಳು. ಪಕ್ಕಗಳನ್ನು ಕೂಡಿಸಿ ಹಿಡಿಕೆ ಹಾಕುವಾಗ ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚಿತು.

ಸಂಜೆ ಹುಡುಗಿ ಬಾಗಿಲಲ್ಲಿ ಚೀಲವನ್ನು ಹೆಗಲಿಗೇರಿಸಿದಳು. ಅಮ್ಮನ ನೆರಿಗೆ ಹೊರಗೆ, ಚಿಕ್ಕಮ್ಮನದು ಒಳಗೆ, ಸೊಂಟಕ್ಕೆ. ಇಷ್ಟು ಒದ್ದಾಡಿದ್ದು ಮರೆಯಲ್ಲಿಡೋದಕ್ಕಾ?

"ನಂದು ಅಷ್ಟು ಕೆಟ್ಟದಾಗಿದೆಯಾ?" ತಡೆಯಲಾಗದೆ ಬಾಯಿಗೆ ಬಂದುಬಿಟ್ಟಿತು.

ಹುಡುಗಿ ಕಣ್ಣರಳಿಸಿದಳು. "ಅಯ್ಯೋ, ಇಲ್ಲ. ಅಮ್ಮಂದು ಚುಚ್ಚುತ್ತೆ. ನಿಮ್ದು ಮೆತ್ತಗಿದೆ."

ಅಷ್ಟು ಸಲ ಬಿಚ್ಚಿ ಹೊಲಿದ ಬಟ್ಟೆ, ಮೆತ್ತಗಾಗದೆ ಇರುತ್ತದೆಯೇ! ಹುಡುಗಿ ಚೀಲವನ್ನು ಮೈಗೊತ್ತಿಕೊಂಡು ಮೆಟ್ಟಿಲಿಳಿದಳು. ನಗಬೇಕೋ ಅಳಬೇಕೋ ತಿಳಿಯದೆ ಚಿಕ್ಕಮ್ಮ ಸೂಜಿ ಹಿಡಿದೇ ನಿಂತಿದ್ದಳು.