ಸುಳ್ಳು ಹೇಳುವ ಸೆನ್ಸರ್

ಗಂಡನ ಫೋನು ಕಿರುಗುಟ್ಟಿದರೆ ತನಗೆ ಪೆಟ್ಟು ಬೀಳುತ್ತದೆ ಎಂಬುದು ಧಾರಿಣಿಯ ಮೈಗೆ ಅಭ್ಯಾಸವಾಗಿಹೋಗಿತ್ತು.

ನೋಯ್ಡಾದ ಅವರ ಫ್ಲ್ಯಾಟಿನ ಬಾಲ್ಕನಿಯಲ್ಲಿ ಸುದರ್ಶನ ಮಣ್ಣಿಲ್ಲದ ತೋಟ ಮಾಡಿದ್ದ. ಬಿಳಿ ಪೈಪುಗಳ ತೂತುಗಳಲ್ಲಿ ಪಾಲಕ್, ಲೆಟ್ಯೂಸ್, ಅವನ ಅಮ್ಮನ ಒತ್ತಾಯಕ್ಕೆ ಒಂದು ತುಳಸಿ. ಕೆಳಗೆ ಗೊಬ್ಬರ ಬೆರೆಸಿದ ನೀರಿನ ತೊಟ್ಟಿ, ತೊಟ್ಟಿಯೊಳಗೆ ಸೆನ್ಸರುಗಳು. ನೀರು ಹುಳಿಯಾದರೂ ಉಪ್ಪಾದರೂ ಮಟ್ಟ ಇಳಿದರೂ ಅವು ಆಫೀಸಿನಲ್ಲಿ ಕೂತ ಅವನ ಫೋನಿಗೆ ಚಾಡಿ ಹೇಳುತ್ತಿದ್ದವು. ಸಂಜೆ ಬಂದವನು ಶೂ ಬಿಚ್ಚುವ ಮೊದಲೇ ಕೇಳುತ್ತಿದ್ದ, ತೊಟ್ಟಿಗೆ ಏನು ಸುರಿದೆ ಎಂದು. ಏನೂ ಇಲ್ಲ ಎಂದರೆ ಸುಳ್ಳಿಗೊಂದು ಪೆಟ್ಟು, ಸುಮ್ಮನಿದ್ದರೆ ಸೊಕ್ಕಿಗೊಂದು.

ಮೊದಮೊದಲು ಬರಿಗೈ. ಆಮೇಲೆ ತೋಟ ಕಟ್ಟಿ ಮಿಕ್ಕಿದ ಪೈಪಿನ ತುಂಡು. ಒಮ್ಮೆ ಅವಳ ಜುಟ್ಟು ಹಿಡಿದು ಮುಖವನ್ನು ತೊಟ್ಟಿಗೆ ಅದುಮಿ, ಈಗ ನೀನೇ ನೋಡಿ ಹೇಳು ಎಂದಿದ್ದ. ಗೊಬ್ಬರದ ನೀರು ಮೂಗಿಗೇರಿ ಕಣ್ಣು ಕತ್ತಲಿಟ್ಟಾಗ ಬಿಟ್ಟ. ಅಂಥ ಹೊತ್ತಿನಲ್ಲೆಲ್ಲ ಅತ್ತೆ ಜಲಜಮ್ಮ ಒಳಗೆ ಟೀವಿಯ ದನಿ ಏರಿಸುತ್ತಿದ್ದರು.

ಧಾರಿಣಿ ರಸಾಯನಶಾಸ್ತ್ರ ಓದಿದವಳು. ಸೆನ್ಸರು ಹೀಗೇಕೆ ಆಡುತ್ತಿದೆ ಎಂದು ತೋರಿಸಿಕೊಟ್ಟರೆ ಹೊಡೆತ ನಿಲ್ಲುತ್ತದೆ ಎಂದು ಅವಳು ನಂಬಿದ್ದಳು. ಆ ಮನೆಯಲ್ಲಿ ನಂಬಲು ಬೇರೇನೂ ಉಳಿದಿರಲಿಲ್ಲ. ಸೆನ್ಸರಿನ ತುದಿಯನ್ನು ವಿನೆಗರಿನಲ್ಲಿ ನೆನೆಸಿ ತೊಳೆದಳು, ವೈರು ಬದಲಿಸಿದಳು, ಪಂಪು ನಿಲ್ಲಿಸಿ ನೋಡಿದಳು. ನಲ್ಲಿಯ ಗಡಸು ನೀರನ್ನು ಬಿಟ್ಟು ಫಿಲ್ಟರಿನ ನೀರನ್ನೇ ತುಂಬಿದಳು. ಸ್ಟೀಲಿನ ಲೋಟದಲ್ಲಿ ಅದೇ ಗೊಬ್ಬರದ ನೀರಿಗೆ ಅದ್ದಿಟ್ಟಾಗ ಸೆನ್ಸರು ದಿನವಿಡೀ ಸರಿಯಾಗಿ ಹೇಳಿತು. ತೊಟ್ಟಿಗೆ ಇಳಿಸಿದ ಮರುದಿನ ಮತ್ತೆ ಅದೇ ಕತೆ. ಮಟ್ಟ ಅಳೆಯುವ ತೇಲುಬುಂಡೆ ಅಂಟಿಕೊಂಡು ನಿಂತಿತ್ತು. ಅದನ್ನು ಬಿಡಿಸಿ ಬೆರಳನ್ನು ಮೂಸಿದಳು. ಹಳಸಿದ ಹಾಲಿನ ವಾಸನೆ.

ಭಾನುವಾರ ಬೆಳಿಗ್ಗೆ ಅವಳು ಒಣಹಾಕಿದ ಬೆಡ್‌ಶೀಟಿನ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಳು. ಪೂಜೆ ಮುಗಿಸಿದ ಜಲಜಮ್ಮ ಬೆಳ್ಳಿ ಬಟ್ಟಲು ಹಿಡಿದು ಬಂದರು. ಪಂಚಾಮೃತದ ಅಭಿಷೇಕದ ನೀರು. ಅದನ್ನು ಸಿಂಕಿಗೆ ಚೆಲ್ಲುವಂತಿಲ್ಲ, ಕಾಲು ತುಳಿಯುವಲ್ಲಿ ಹಾಕುವಂತಿಲ್ಲ, ಗಿಡದ ಬುಡಕ್ಕೇ ಸೇರಬೇಕು. ಮೈಸೂರಿನ ಹಳೆಯ ಮನೆಯಲ್ಲಿ ಅದಕ್ಕೆ ತುಳಸಿಕಟ್ಟೆ ಇತ್ತು. ಇಲ್ಲಿ ಅವರು ತುಳಸಿಯ ತೂತಿಗೆ ಬಟ್ಟಲು ಬಗ್ಗಿಸಿ, ಕಣ್ಣು ಮುಚ್ಚಿ ಕೈಮುಗಿದರು. ಹಾಲು, ಮೊಸರು, ಜೇನು, ಸಕ್ಕರೆ ಎಲ್ಲ ಪೈಪಿನಲ್ಲಿ ಹರಿದು ತೊಟ್ಟಿಗೆ ಇಳಿಯಿತು.

ಕಣ್ಣು ತೆರೆದಾಗ ಎದುರಿಗೆ ಸೊಸೆ. ಜಲಜಮ್ಮ ಮೊದಲು ತೊಟ್ಟಿ ನೋಡಿದರು, ಆಮೇಲೆ ಧಾರಿಣಿಯ ತೋಳಿನ ಬಾಸುಂಡೆ. ಅಷ್ಟರಲ್ಲಿ ಬೆಡ್‌ರೂಮಿನಲ್ಲಿ ಫೋನು ಕಿರುಗುಟ್ಟಿತು.

ಸುದರ್ಶನ ಪೈಪು ಹಿಡಿದೇ ಬಂದ.

"ಒಂದ್ನಿಮಿಷ ನಿಲ್ಲಿ," ಧಾರಿಣಿ ತೊಳೆಯದ ತೇಲುಬುಂಡೆಯನ್ನು ಮುಂದೆ ಚಾಚಿದಳು. "ಸೆನ್ಸರ್ ಸರಿಯಾಗೇ ಇದೆ. ನೀರಿಗೆ ಹಾಲು ಬೀಳ್ತಿದೆ."

"ಯಾರು ಹಾಕ್ತಿರೋದು?"

ಅವಳು ಬಾಯಿ ಬಿಡುವ ಮೊದಲೇ ಜಲಜಮ್ಮ ಹೇಳಿದರು, "ನಾನೇ ಕಣೋ ಸುದಿ. ತೀರ್ಥ ಎಲ್ಲಿ ಚೆಲ್ಲಲಿ ಹೇಳು? ತುಳಸಿಗೆ ಅಂತ ಹಾಕ್ದೆ."

ಅವನು ಅಮ್ಮನನ್ನು ನೋಡಿದ, ಬಟ್ಟಲನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಅಚ್ಛಾ! ನಿನ್ನ ಕೃಷ್ಣ ನನ್ನ ಪಾಲಕ್‌ಗೆ ಮಜ್ಜಿಗೆ ಕುಡಿಸ್ತಿದ್ದಾನೆ. ಒಂದು ಮಾತು ಹೇಳೋದಲ್ವಾ ಅಮ್ಮ."

ಧಾರಿಣಿಯ ಎದೆಯಿಂದ ಏನೋ ಇಳಿದುಹೋಯಿತು. ಅವಳಿಗೂ ನಗು ಬಂತು.

"ನಿಂಗೇನು ನಗು?" ಅವನ ದನಿ ತಣ್ಣಗಾಗಿತ್ತು. "ನಮ್ಮಮ್ಮನ ಹಿಂದೆ ಪತ್ತೇದಾರಿಕೆ ಮಾಡ್ತೀಯಾ?"

ಪೈಪು ಭುಜದ ಮೂಳೆಯ ಮೇಲೆ ಬಿತ್ತು. ಎರಡನೆಯ ಪೆಟ್ಟು ಕಿವಿಗೆ, ಮೂರನೆಯದು ಮುಖಕ್ಕೆ. ತುಟಿ ಒಡೆದು ಬಾಯಿ ಉಪ್ಪುಪ್ಪಾಯಿತು. ಅವಳು ಕುಸಿದಲ್ಲಿಂದಲೇ ತೊಟ್ಟಿಯ ಕಡೆ ನೋಡಿದಳು. ಎಲ್ಲ ಪತ್ತೆಯಾಗಿತ್ತು, ಎಲ್ಲ ರುಜುವಾತಾಗಿತ್ತು. ಪೈಪು ಬೀಳುತ್ತಲೇ ಇತ್ತು.

ಇಷ್ಟು ದಿನ ಅವಳು ಹುಡುಕಿದ್ದು ತಪ್ಪು ಜಾಗದಲ್ಲಿ.

ಎರಡೂ ಕೈಯಿಂದ ತೋಟದ ಪೈಪುಗಳನ್ನು ಹೊತ್ತ ಸ್ಟ್ಯಾಂಡಿನ ಕಾಲು ಹಿಡಿದು ಎಳೆದಳು. ಪೈಪು, ಗಿಡ, ನೀರು ಎಲ್ಲ ಅವನ ಮೇಲೆ ಕಳಚಿಬಿದ್ದವು, ತೊಟ್ಟಿ ಮಗುಚಿತು. ಕೊಸರಿ ಏಳಲು ಹೋದವನು ಜಾರಿದ, ಹಣೆ ಟೈಲಿಗೆ ಬಡಿಯಿತು. ಆದರೂ ಅವಳ ಕಾಲು ಹಿಡಿದ, ಹಿಮ್ಮಡಿಗೆ ಉಗುರು ಊರಿದ. ಕೈಗೆ ಸಿಕ್ಕ ಪೈಪಿನಿಂದ ಅವಳು ಆ ಮಣಿಕಟ್ಟಿಗೆ ಹೊಡೆದಳು. ಬಿಡಲಿಲ್ಲ. ಇನ್ನೊಮ್ಮೆ ಹೊಡೆದಳು. ಒಣ ಕಡ್ಡಿ ಮುರಿದ ಸದ್ದು ಬಂದಾಗ ಬೆರಳುಗಳು ಸಡಿಲವಾದವು.

"ಅಮ್ಮ, ಬಾಗಿಲು ಹಾಕು. ಇವಳು ಹೊರಗೆ ಹೋಗ್ಬಾರ್ದು."

ಜಲಜಮ್ಮ ಓಡುನಡಿಗೆಯಲ್ಲಿ ಬಾಗಿಲಿಗೆ ಹೋದರು. ಧಾರಿಣಿ ಪೈಪು ಎತ್ತಿ ಹಿಡಿದೇ ಹಿಂಬಾಲಿಸಿದಳು. ಮುದುಕಿಯ ಮೇಲೂ ಕೈ ಮಾಡಬೇಕಾಗುತ್ತದೋ ಎಂದು ಅಳುಕಿದಳು. ಜಲಜಮ್ಮ ಚಿಲಕ ಸರಿಸಿ ಬಾಗಿಲನ್ನು ಪೂರಾ ತೆರೆದರು.

"ನಡಿ," ಎಂದರು. "ಚಪ್ಪಲಿ ಹುಡುಕ್ತಾ ನಿಲ್ಲಬೇಡ."

ಆಮೇಲೆ ತಾವೂ ಹೊಸಿಲು ದಾಟಿ, ಬೆಳ್ಳಿ ಬಟ್ಟಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೊರಗಿನ ಚಿಲಕ ಎಳೆದರು. ಒಳಗಿನಿಂದ ಬಾಗಿಲು ಒಂದೇ ಸಮನೆ ಅದುರತೊಡಗಿತು. ಅದರ ನಡುವೆ ಫೋನು ಕಿರುಗುಟ್ಟುತ್ತಿತ್ತು, ತೊಟ್ಟಿಯಲ್ಲಿ ನೀರಿಲ್ಲವೆಂದು.