ಶೇರ್ವಾನಿಯ ಕೊಕ್ಕೆ

ಬಸವಕಲ್ಯಾಣದ ಜನ ಮಾತಿನಲ್ಲಿ ಸೋಲುವವರಲ್ಲ. ಕೋಟೆ ನಮ್ಮದು, ಶರಣರು ನಮ್ಮವರು, ಒಂದು ಕಾಲಕ್ಕೆ ರಾಜಧಾನಿಯೂ ನಮ್ಮದೇ ಎಂದು ಒಂದೊಂದೇ ಬೆರಳು ಮಡಚುತ್ತಾ ಹೋಗುತ್ತಾರೆ. ಎದುರಿಗಿರುವವನು ಹುಮನಾಬಾದಿನವನಾಗಿದ್ದು, ಅದೆಲ್ಲ ಇರಲಿ, ರೈಲ್ ಸ್ಟೇಷನ್ ಎಲ್ಲಿ ಅದ ಎಂದು ಕೇಳಿಬಿಟ್ಟನೋ, ಮಡಚಿದ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಕೋಟೆ ಹತ್ತಿರ ಶೇರ್ವಾನಿ, ಕೋಟು ಹೊಲಿಯುವ ಜಹೀರುದ್ದೀನ್ ಮಾಸ್ಟರ್‌ಗೆ ಈ ಪ್ರಶ್ನೆ ವಾರಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ಕೇಳುವವರು ಹುಮನಾಬಾದಿನ ಕಾಳಿನ ವ್ಯಾಪಾರಿ ತುಳಜಾರಾಮ ಸಾವಕಾರರು, ಮಾಸ್ಟರ್‌ಗೆ ನಲವತ್ತೈದು ವರ್ಷದ ಗೆಳೆಯರು. ತಮ್ಮೂರಿಗೆ ರೈಲು ಬಂದಾಗಿನಿಂದ ಸಾವಕಾರರ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಬೆಳಗಿನ ವಾಕಿಂಗ್ ಎಂದು ಸ್ಟೇಷನ್‌ಗೇ ಹೋಗುವರು, ಗಾಡಿ ಬರುವ ಹೊತ್ತಿಗೆ ಸರಿಯಾಗಿ ಕಲ್ಯಾಣಕ್ಕೆ ಫೋನ್ ಹಚ್ಚುವರು, ಹಳಿಯ ಕಡೆ ಫೋನ್ ಹಿಡಿದು, ಕೂಗಿದ್ದು ಕೇಳಸ್ತೇನ್ರಿ ಮಾಸ್ಟರ್ ಎಂದು ವಿಚಾರಿಸುವರು. ಮಾಸ್ಟರ್ ಕೋಪಕ್ಕೆ ಒಂದು ಶಪಥ ಮಾಡಿದ್ದರು. ಕಲ್ಯಾಣಕ್ಕೆ ರೈಲು ಬರುವ ತನಕ ಹುಮನಾಬಾದ್ ಸ್ಟೇಷನ್ನಿಗೆ ಕಾಲಿಡುವುದಿಲ್ಲ. ಹೈದರಾಬಾದಿಗೆ ಅರಿವೆ ತರಲು ಹೋಗುವಾಗಲೂ ಮೊಣಕಾಲು ಮಡಚಿಕೊಂಡು ಬಸ್ಸಿನಲ್ಲೇ ಕೂರುತ್ತಿದ್ದರು.

ಹಾಗೆಂದು ಅವರ ಬತ್ತಳಿಕೆ ಬರಿದಾಗಿರಲಿಲ್ಲ. ಅಂಗಡಿಯ ಗೋಡೆಯ ಮೇಲೆ ಒಂದು ಅಸ್ತ್ರ ಇತ್ತು. ಗೇಣುದ್ದದ ಕಬ್ಬಿಣದ ಕೊಕ್ಕೆ, ಹಿಡಿಕೆ ಕಟ್ಟಿಗೆಯದು, ಹಿಡಿದು ಹಿಡಿದು ನುಣುಪಾದದ್ದು. ಹೊಲಿದು ಮುಗಿದ ಶೇರ್ವಾನಿಯನ್ನು ಮಾಸ್ಟರ್ ಅದಕ್ಕೇ ತೂಗುಹಾಕುತ್ತಿದ್ದರು. ಗಿರಾಕಿ ಕೇಳಿದರೆ ಸರಿ, ಕೇಳದಿದ್ದರೂ ಸರಿ, ಕಥೆ ಶುರುವಾಗುತ್ತಿತ್ತು. ನಿಜಾಮರ ರಾಜಧಾನಿಯಲ್ಲಿ ನಾಂಪಳ್ಳಿ ಸ್ಟೇಷನ್ ತೆರೆದಾಗ ಮೊದಲ ಗಾಡಿಯಿಂದ ಇಳಿದವರಲ್ಲಿ ಮಾಸ್ಟರ್‌ರ ಅಜ್ಜ ಖಾಜಾಮಿಯಾ ಒಬ್ಬರು. ಎತ್ತಿನ ಬಂಡಿಯಲ್ಲಿ ತಾಂಡೂರಿಗೆ ಹೋಗಿ ಗಾಡಿ ಹಿಡಿದಿದ್ದರು. ಶೇರ್ವಾನಿ ಮುದುಡಬಾರದೆಂದು ಬಿಚ್ಚಿ ರೈಲಿನ ಡಬ್ಬಿಯ ಕೊಕ್ಕೆಗೆ ಹಾಕಿದ್ದರು. ಆ ಶೇರ್ವಾನಿಯ ಬೆಡಗು ನೋಡಿ ಸ್ಟೇಷನ್ ಮಾಸ್ತರನೇ ಕೊಕ್ಕೆ ಕಳಚಿ ಕಾಣಿಕೆಯಾಗಿ ಕೊಟ್ಟನಂತೆ. ಈ ಕಥೆಯ ಮುಂದೆ ಹುಮನಾಬಾದಿನ ಸ್ಟೇಷನ್ ಯಾವ ಲೆಕ್ಕ? ಸಾವಕಾರರು ಇಷ್ಟನ್ನೂ ಕೈಕಟ್ಟಿಕೊಂಡು ಕೇಳುವರು, ಚಹಾ ಮುಗಿಸಿ ಎದ್ದು ಹೋಗುವರು. ಜಗತ್ತಿನ ಎಲ್ಲದಕ್ಕೂ ಕೊಂಕು ತೆಗೆಯುವ ಮನುಷ್ಯ ಈ ಒಂದು ಕಥೆಗೆ ಬಾಯಿ ತೆರೆಯುತ್ತಿರಲಿಲ್ಲ. ಅದು ತಮ್ಮ ಗೆಲುವೆಂದೇ ಮಾಸ್ಟರ್ ತಿಳಿದಿದ್ದರು.

ಮೊಮ್ಮಗಳು ಸಮ್ರೀನ ಹುಮನಾಬಾದಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಇತಿಹಾಸದ ಪ್ರಬಂಧಕ್ಕೆ ಚೀಟಿ ಎತ್ತಿದಾಗ ಅವಳಿಗೆ ಬಂದ ವಿಷಯ, ರಾಜಧಾನಿಯೊಂದರ ಮುಖ್ಯ ರೈಲು ನಿಲ್ದಾಣದ ಇತಿಹಾಸ ಮತ್ತು ಬೆಳವಣಿಗೆ. ಯಾವ ರಾಜಧಾನಿ ಎಂದು ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ರಾಜಧಾನಿ ಅಂದರೆ ಹೈದರಾಬಾದು, ಸ್ಟೇಷನ್ ಅಂದರೆ ನಾಂಪಳ್ಳಿ, ಬೆಂಗಳೂರಿನ ಹಾದಿಯೇ ತನಗೆ ಗೊತ್ತಿಲ್ಲ ಎಂದು ಮಾಸ್ಟರ್ ತೀರ್ಪು ಕೊಟ್ಟರು. ಅವತ್ತು ಹೊಲಿದ ಪ್ರತಿ ಗುಂಡಿಯ ಕಾಜಕ್ಕೂ ಒಂದೊಂದು ಹಾಡು ಗುನುಗಿದರು.

ಹತ್ತು ದಿನ ಕಳೆದು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಸಮ್ರೀನ ತಟ್ಟೆಯಲ್ಲಿ ಬೆರಳಾಡಿಸುತ್ತ ವಿಷಯ ತೆಗೆದಳು. ನಾಂಪಳ್ಳಿ ಸ್ಟೇಷನ್ ಶುರುವಾದದ್ದು 1907ರಲ್ಲಿ, ಅದು ಸರಿ. ಆದರೆ ಮೊದಲಿಗೆ ಅದು ಸರಕಿನ ಸ್ಟೇಷನ್. ಪ್ರಯಾಣಿಕರ ಗಾಡಿ ಅಲ್ಲಿಗೆ ಬಂದದ್ದು 1921ರಲ್ಲಿ ಎಂದು ಪುಸ್ತಕಗಳು ಹೇಳುತ್ತವೆ. ಹಾಗಾದರೆ ಮೊದಲ ಗಾಡಿಯಲ್ಲಿ ಶೇರ್ವಾನಿ ತೂಗುಹಾಕಿದ್ದು ಎಲ್ಲಿ?

ಮಾಸ್ಟರ್‌ಗೆ ಸಿಟ್ಟು ಬಂತು. ಪುಸ್ತಕ ಬರೆದವರು ಅವತ್ತು ನಾಂಪಳ್ಳಿಯಲ್ಲಿ ಇದ್ದರೇನು ಎಂದು ದಬಾಯಿಸಿದರು. ದಾದಾ, ನೀವು ಇದ್ರೇನ್ರಿ ಎಂದು ಅವಳು ಅಜ್ಜನನ್ನು ಮೆಲ್ಲಗೆ ಕೇಳಿದಳು. ಹೆಂಡತಿ ಹಜಿರಾ ಬೀ ಮುಸುಕಿನ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಅತ್ತರೋ ನಕ್ಕರೋ ಮಾಸ್ಟರ್‌ಗೆ ತಿಳಿಯಲಿಲ್ಲ.

ಸಂಕಟ ಪ್ರಬಂಧದ್ದಲ್ಲ. ಪ್ರಬಂಧ ಓದುವ ಸಭೆಗೆ ಪ್ರತಿ ವರ್ಷ ಬಹುಮಾನ ಕೊಡುವವರು ತುಳಜಾರಾಮ ಸಾವಕಾರರೇ. ಮೊದಲ ಸಾಲಿನ ಮೆತ್ತನೆ ಕುರ್ಚಿ ಅವರದು. ಊರಿಗೆಲ್ಲ ಗೊತ್ತಾಗಲಿ, ಬೀದರ ಜಿಲ್ಲೆಗೇ ಗೊತ್ತಾಗಲಿ, ಆ ಒಬ್ಬ ಮನುಷ್ಯನಿಗೆ ಮಾತ್ರ ಗೊತ್ತಾಗಬಾರದಿತ್ತು. ಅವರ ಮುಂದೆ ತಲೆ ತಗ್ಗಿಸುವುದನ್ನು ನೆನೆದೇ ಮಾಸ್ಟರ್ ಅವತ್ತು ಒಂದು ಶೇರ್ವಾನಿಗೆ ಎಡತೋಳನ್ನು ಬಲಗಡೆ ಕೂರಿಸಿ ಹೊಲಿದುಬಿಟ್ಟರು.

ಮರುದಿನ ತಾವಾಗಿಯೇ ಸಾವಕಾರರಿಗೆ ಫೋನ್ ಮಾಡಿದರು. ಈ ಸಲದ ಸಭೆ ಬಹಳ ಬೇಸರದ್ದಂತೆ, ಹುಡುಗರು ಬರೀ ಇಸವಿ ಓದುತ್ತಾರಂತೆ, ವಯಸ್ಸಾದವರು ಇಷ್ಟು ಬಿಸಿಲಲ್ಲಿ ಯಾಕೆ ದಣಿಯಬೇಕು ಎಂದರು. ನಲವತ್ತೈದು ವರ್ಷದಲ್ಲಿ ಮಾಸ್ಟರ್ ಸಾವಕಾರರ ಆರೋಗ್ಯದ ಬಗ್ಗೆ ಕಾಳಜಿ ಮಾಡಿದ್ದು ಇದೇ ಮೊದಲಾದ್ದರಿಂದ, ಏನೋ ಮಜಾ ಇದೆ ಎಂದು ಸಾವಕಾರರು ಅರ್ಧ ಗಂಟೆ ಮೊದಲೇ ಹೋಗಿ ಕೂರುವುದಾಗಿ ಹೇಳಿದರು.

ಸಭೆಯ ದಿನ ಬೆಳಿಗ್ಗೆ ಅಂಗಡಿ ತೆರೆದರೆ ಗೋಡೆಯ ಮೇಲೆ ಕೊಕ್ಕೆ ಇರಲಿಲ್ಲ. ಮೊಳೆ ಮಾತ್ರ ಇತ್ತು. ಮಾಸ್ಟರ್ ಆ ಮೊಳೆಯನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಹಜಿರಾ ಬೀ ಜೊತೆ ಬಸ್ಸು ಹತ್ತಿದರು. ನಿಜ ಹೇಳಬೇಕೆಂದರೆ ಆ ಕೊಕ್ಕೆ ಎಲ್ಲಿಯದೆಂದು ಮಾಸ್ಟರ್‌ಗೆ ಮೊದಲಿನಿಂದಲೂ ಗೊತ್ತಿತ್ತು. ಹತ್ತು ವರ್ಷದವರಿದ್ದಾಗ ಅಜ್ಜನ ಬೆನ್ನಿಗೆ ಎಣ್ಣೆ ತಿಕ್ಕಿದ್ದರು. ಕತ್ತಿನ ಕೆಳಗೆ, ಚೀಲ ಕೂರುವ ಜಾಗದಲ್ಲಿ, ಚರ್ಮ ಗಂಟುಗಟ್ಟಿ ಕಲ್ಲಾಗಿತ್ತು. ಆ ಬೆನ್ನನ್ನು ಅವರು ಮರೆತಿರಲಿಲ್ಲ, ಮುಚ್ಚಿಟ್ಟಿದ್ದರು. ಹೊಸದಾಗಿ ಅಂಗಡಿ ಹಾಕಿದಾಗ ಬರುತ್ತಿದ್ದವರೆಲ್ಲ ಸಾವಕಾರರು, ದೇಶಮುಖರು. ಚೀಲ ಹೊರುವ ಹಮಾಲನ ಮೊಮ್ಮಗ ಎಂದರೆ ಕೋಟಿನ ಅಳತೆಗೆ ಹೆಗಲು ಕೊಟ್ಟಾರೆಯೇ ಎಂಬ ಅಂಜಿಕೆಯಿತ್ತು. ಮೊದಲು ಆ ಕೊಕ್ಕೆ ಯಾವುದೆಂದು ಕೇಳಿದ್ದು ಮದುವೆ ಕೋಟು ಹೊಲಿಸಲು ಬಂದ ಹುಮನಾಬಾದಿನ ಹುಡುಗ ತುಳಜಾರಾಮ. ಆಗ ಮಾಸ್ಟರ್ ಬಾಯಿಗೆ ಬಂದದ್ದು ಶೇರ್ವಾನಿಯ ಕಥೆ. ಅಂದಿನಿಂದ ಅದನ್ನು ಕೊಕ್ಕೆಯಿಂದ ಇಳಿಸಲಾಗಲಿಲ್ಲ.

ಕಾಲೇಜಿನ ಸಭೆಯಲ್ಲಿ ಸಮ್ರೀನಳ ಸರದಿ ನಾಲ್ಕನೆಯದು. ಅವಳು ಬಂದು ಕೊಕ್ಕೆಯನ್ನು ಮೇಜಿನ ಮೇಲಿಟ್ಟಳು. ನಾಂಪಳ್ಳಿ ಹೇಗೆ ಬೆಳೆಯಿತೆಂದು ಓದಿದಳು. ಬೋರ್ಡಿನ ಮೇಲೆ ಹೈದರಾಬಾದ್ ಎಂದು ಬರೆದರೂ ಜನ ನಾಂಪಳ್ಳಿ ಎನ್ನುವುದನ್ನು ಬಿಡಲಿಲ್ಲ ಎಂದಳು. ಅಲ್ಲಿಂದ ಮುಂದೆ ಹಳಿ ಇಲ್ಲ, ಬಂದ ಗಾಡಿ ಬಂದ ದಾರಿಯಲ್ಲೇ ಹಿಂತಿರುಗಬೇಕು ಎಂದಳು. ಆಮೇಲೆ ಕಾಗದ ಮಡಚಿಟ್ಟಳು.

"ಪ್ರಯಾಣಿಕರು ಬರುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ನಮ್ಮ ದಾದಾನ ದಾದಾ ಆ ಸ್ಟೇಷನ್ನಿನಲ್ಲಿ ಇಳಿದಿದ್ದರು. ಅವರ ಹತ್ತಿರ ಟಿಕೇಟು ಇರಲಿಲ್ಲ, ಈ ಕೊಕ್ಕೆ ಇತ್ತು. ಇದು ಚೀಲ ಎಳೆಯುವ ಹಮಾಲರ ಕೊಕ್ಕೆ. ನಮ್ಮ ದಾದಿ, ಅಂದರೆ ಅಜ್ಜಿ, ಹೇಳಿದರು, ಇಲ್ಲಿಯ ಬಜಾರಿನ ಹಮಾಲ ಪಾಂಡುರಂಗ ಕಾಕಾನೂ ಇದರ ಫೋಟೋ ನೋಡಿದ ಕೂಡಲೇ ಹೇಳಿದರು. ಆ ಸ್ಟೇಷನ್ನನ್ನು ಮೊದಲು ಬೆಳೆಸಿದ್ದು ಇಂಥ ಕೈಗಳು ಅಂತ ನಾನು ಬರೆದಿದ್ದೇನೆ."

ಚಪ್ಪಾಳೆ ಬಿತ್ತು. ಮಾಸ್ಟರ್ ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ನಾಚಿಕೆಯಾಗಿತ್ತು. ಅಜ್ಜನಿಗಾಗಿ ಅಲ್ಲ, ಅಷ್ಟು ವರ್ಷ ಆ ಬೆನ್ನಿಗೆ ಶೇರ್ವಾನಿ ಹೊದಿಸಿದ್ದಕ್ಕೆ. ಮನೆಯಲ್ಲಿ ಹಜಿರಾ ಬೀಗೂ ಗೊತ್ತಿತ್ತೆಂದರೆ ತಾವು ಕಥೆ ಹೇಳಿದ್ದು ಯಾರಿಗೆ? ಒಬ್ಬ ತುಳಜಾರಾಮನಿಗೆ. ಈಗ ಅದೂ ಮುಗಿಯಿತು.

ಸಭೆ ಮುಗಿದ ಮೇಲೆ ಸಾವಕಾರರು ಸೀದಾ ಬಂದು ಮಾಸ್ಟರ್‌ರ ಕೈ ಹಿಡಿದು ಎಬ್ಬಿಸಿದರು, ಚಹಾ ಕುಡಿಯೋಣ ಬರ್ರಿ ಎಂದು ತಮ್ಮ ಕಾರಿನಲ್ಲಿ ಕೂರಿಸಿಕೊಂಡರು. ಕಾರು ನಿಂತಾಗ ಮಾಸ್ಟರ್ ತಲೆಯೆತ್ತಿ ನೋಡಿದರೆ ಎದುರಿಗೆ ಹಳದಿ ಬೋರ್ಡಿನ ಮೇಲೆ ಹುಮನಾಬಾದ್ ಎಂದು ಬರೆದಿತ್ತು. ಶಪಥ ಮುರಿದು ಒಳಗೆ ಕಾಲಿಟ್ಟರು. ಸಾವಕಾರರ ಹಿಂದೆ ನಡೆದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತರು. ನಿಮಗ ಸುಳ್ಳ ಹೇಳಿದ್ನಿರಿ ಸಾವಕಾರ, ಮಾಫ್ ಮಾಡ್ರಿ ಎಂದರು.

"ಯಾವ ಸುಳ್ರಿ?" ಎಂದರು ಸಾವಕಾರರು. "ನಾ ತೊಗರಿ ಚೀಲದ ಮ್ಯಾಲ ಮಲಗಿ ಬೆಳದಾಂವ. ದಿನಾ ಅಂಥಾ ಇಪ್ಪತ್ತ ಕೊಕ್ಕಿ ನೋಡ್ತೀನಿ. ಮೊದಲನೇ ದಿನಾ ಗೋಡಿ ಮ್ಯಾಲ ನೋಡಿ ಗುರ್ತು ಹಿಡದ ಮ್ಯಾಲೇ ಕೇಳಿದ್ದೆ."

ಮಾಸ್ಟರ್ ಅವರ ಕಡೆ ಪೂರ್ತಿ ತಿರುಗಿ ಕೂತರು. "ನಲವತ್ತೈದು ವರ್ಷ ಗೊತ್ತಿತ್ತ? ಮತ್ತ ಯಾಕ ಒಂದ್ ಮಾತ ಅನ್ಲಿಲ್ಲ?"

"ಹ್ಯಾಂಗ ಅನ್ಲಿ? ಮೊದಲ ನಿಮ್ಮ ಕಥಿದಾಗ ಆ ಶೇರ್ವಾನಿ ಹತ್ತಿ ಅರಿವಿದು ಇತ್ತು. ನನ್ನ ಮಗನ ಜವಳ ತೆಗಸೂ ಹೊತ್ತಿಗೆ ರೇಷ್ಮಿ ಆತು. ಹೋದ ವರ್ಷ ಬೆಳ್ಳಿ ಗುಂಡಿ ಬಂದ್ವು. ಬಂಗಾರದ್ದು ಯಾವಾಗ ಹಾಕ್ತೀರಿ ನೋಡೋಣಂತ ಕಾಯಾಕತ್ತಿದ್ದೆ."

ಮಾಸ್ಟರ್‌ಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಅಳತೆಯ ಟೇಪು. ಅದರಲ್ಲೇ ಒರೆಸಿಕೊಂಡರು. ಈ ಮನುಷ್ಯ ವಾರಕ್ಕೊಮ್ಮೆ ಕಲ್ಯಾಣವನ್ನು ಹೀಯಾಳಿಸಿದ್ದ, ಖಾಜಾಮಿಯಾರ ತಂಟೆಗೆ ಒಂದು ದಿನವೂ ಬಂದಿರಲಿಲ್ಲ. ಅದನ್ನೇ ಮಾಸ್ಟರ್ ತಮ್ಮ ಗೆಲುವೆಂದು ಎಣಿಸಿದ್ದರು.

ಅಷ್ಟರಲ್ಲಿ ದೂರದಲ್ಲಿ ಕೂಗು ಕೇಳಿತು. ಗೂಡ್ಸ್ ಗಾಡಿಯೊಂದು ನಿಧಾನವಾಗಿ ಬಂದು ಎದುರಿನ ಹಳಿಯ ಮೇಲೆ ನಿಂತಿತು. ಸಾವಕಾರರು ಎದ್ದು ನಿಂತು, ಅತಿಥಿಗೆ ದಾರಿ ತೋರುವಂತೆ ಕೈ ಚಾಚಿದರು.

"ಏಳ್ರಿ ಮಾಸ್ಟರ್, ನಿಮ್ಮ ಮನೆತನದ ಗಾಡಿ ಬಂತು."

ಮಾಸ್ಟರ್ ಟೇಪನ್ನು ಸುತ್ತಿ ಜೇಬಿಗಿಟ್ಟರು. "ಮೊದಲ ನಿಮ್ಮ ತೊಗರಿ ಚೀಲ ಹಾಕ್ರಿ ಸಾವಕಾರ," ಎಂದರು. "ನಮ್ಮ ದಾದಾ ಖಾಲಿ ಡಬ್ಬಿದಾಗ ಕುಂತಾಂವಲ್ಲ."